ಜಗಲಿಯ ರಾಜಿ ಸಾಕು: ಕೊಡಗಿನ ಸರ್ಕಾರಿ ಅಭಿಯೋಜಕರಿಗೆ ಒಂದು ಬಹಿರಂಗ ಪತ್ರ

ಸರ್ಕಾರಿ ಅಭಿಯೋಜಕರು ಮತ್ತು ಸಹಾಯಕ ಸರ್ಕಾರಿ ಅಭಿಯೋಜಕರಿಗೆ,
ಕೊಡಗು ಜಿಲ್ಲೆ.

ಮಾನ್ಯರೇ, ನಮಸ್ಕಾರ.

ನಾನು ಅಮ್ಮತ್ತಿ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ವಕೀಲನಲ್ಲ. ಯಾವ ಸಂಘದ ಪರವಾಗಿಯೂ ಬರೆಯುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಕ್ರಿಮಿನಲ್ ಕೇಸುಗಳು ಕೋರ್ಟಿನ ಹೊರಗೆ ರಾಜಿಯಾಗುವುದು ನಿಮಗೂ ಗೊತ್ತು, ನಮಗೂ ಗೊತ್ತು. ತೋಟದ ಬಂಗಲೆಯ ಜಗಲಿಯಲ್ಲಿ, ಪೇಟೆಯ ಯಾವುದೋ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಲವು ಸಲ ಕೋರ್ಟಿನ ಎದುರಿನ ಹೋಟೆಲಿನಲ್ಲೇ ಮಾತು ಮುಗಿಯುತ್ತದೆ. ಆ ರಾಜಿಗೆ ನಿಯಮ ಇಲ್ಲ, ದಾಖಲೆ ಇಲ್ಲ, ಏಟು ತಿಂದವರ ಪರವಾಗಿ ಕೂರುವವರೂ ಇಲ್ಲ. ಕ್ರಿಮಿನಲ್ ಕೇಸಿನಲ್ಲಿ ಸರ್ಕಾರದ ಪರವಾಗಿ ವಾದಿಸುವ ನಿಮ್ಮ ಕಚೇರಿ ಅದನ್ನು ಕೈಗೆತ್ತಿಕೊಳ್ಳಲಿ, ಕಾನೂನಿನ ಒಳಗೆ, ಎಲ್ಲರಿಗೂ ಕಾಣುವ ಹಾಗೆ ಮಾಡಿಸಲಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಹೊರದೇಶಗಳಲ್ಲಿ ರೆಸ್ಟೋರೇಟಿವ್ ಜಸ್ಟಿಸ್ ಎಂಬ ಹೆಸರಿನಲ್ಲಿ ಇಂಥದ್ದು ನಡೆಯುತ್ತಿದೆ. ಹಾನಿ ಮಾಡಿದವರು, ಹಾನಿಗೆ ಒಳಗಾದವರು ಇಬ್ಬರೂ ಒಪ್ಪಿದರೆ ತರಬೇತಿ ಪಡೆದ ಒಬ್ಬರ ಸಮ್ಮುಖದಲ್ಲಿ ಕೂರುತ್ತಾರೆ. ಏನಾಯಿತು, ಯಾರಿಗೆ ಏನು ನಷ್ಟವಾಯಿತು, ಅದನ್ನು ಹೇಗೆ ತುಂಬಿಕೊಡುವುದು ಎಂದು ಮಾತಾಡುತ್ತಾರೆ. ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ 1974ರಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಹಾಳುಗೆಡವಿದ್ದರು. ಪ್ರೊಬೇಷನ್ (ಜೈಲಿಗೆ ಕಳಿಸದೆ ನಡತೆಯ ಮೇಲೆ ಕಣ್ಣಿಡುವ ವ್ಯವಸ್ಥೆ) ಅಧಿಕಾರಿಯೊಬ್ಬರ ಸಲಹೆಯಂತೆ ನ್ಯಾಯಾಧೀಶರು ಅವರನ್ನು ಮನೆ ಮನೆಗೆ ಕಳಿಸಿದರು. ಬೈಗುಳ ಕೇಳಿಸಿಕೊಂಡು, ನಷ್ಟ ಕಟ್ಟಿಕೊಟ್ಟು ಬಂದರು. ನ್ಯೂಜಿಲೆಂಡ್ 1989ರಲ್ಲಿ ಮಕ್ಕಳ ಅಪರಾಧಗಳಿಗೆ ಕುಟುಂಬ ಸಭೆಯನ್ನು ಕಾನೂನಿನಲ್ಲೇ ಸೇರಿಸಿತು. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಬಾಲಾಪರಾಧದ ಕೇಸು ನಡೆಸುವ ಅಟಾರ್ನಿ ಜನರಲ್ ಕಚೇರಿ 2016ರಲ್ಲಿ ತನ್ನೊಳಗೇ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿತು. ಕೇಸು ನಡೆಸುವ ಕಚೇರಿಯೇ ಕೂರಿಸಿ ಮಾತಾಡಿಸುವ ಕೆಲಸಕ್ಕೂ ಮುಂದಾಯಿತು ಎನ್ನುವುದು ನನಗೆ ಮುಖ್ಯ ಎನಿಸಿತು. ಹೊರಗಿನ ಕತೆ ಇಷ್ಟು ಸಾಕು.

ನಮ್ಮ ಕಡೆಯದನ್ನು ಹೇಳುತ್ತೇನೆ. ನನಗೆ ಗೊತ್ತಿರುವ ಒಂದು ಕೇಸು ಇದೆ. ಊರು, ತೋಟದ ಹೆಸರು ಬೇಡ. ಕೊಯ್ಲಿನ ಸಮಯದಲ್ಲಿ ಕೂಲಿ ಲೆಕ್ಕದ ಜಗಳ ಬಂತು. ತೋಟದ ಲೆಕ್ಕ ಬರೆಯುವ ರೈಟರ್ ತಳ್ಳಿದ ರಭಸಕ್ಕೆ ಕೆಲಸದವನೊಬ್ಬ ಕಣದ ಮೇಲೆ ಬಿದ್ದು ಕೈ ಮುರಿಯಿತು. ಆಸ್ಪತ್ರೆಯಿಂದ ಸುದ್ದಿ ಹೋಗಿ ಪೊಲೀಸ್ ಕೇಸೂ ಆಯಿತು. ಆಮೇಲೆ ಜಗಲಿಯಲ್ಲಿ ಮಾತುಕತೆ ನಡೆಯಿತು. ಇಷ್ಟು ಹಣ ಎಂದು ಒಪ್ಪಂದವಾಯಿತು. ಅರ್ಧ ಕೈಗೆ ಬಂತು, ಉಳಿದರ್ಧ ಅವನು ಪಡೆದಿದ್ದ ಮುಂಗಡಕ್ಕೆ ವಜಾ ಆಯಿತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಕಾಗದ ಅವನ ಹತ್ತಿರ ಇಲ್ಲ.

ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ಅವನು, "ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದೆ" ಎಂದ. ಸಾಕ್ಷಿ ತಿರುಗಿಬಿತ್ತು. ರೈಟರ್ ಖುಲಾಸೆಯಾದ.

ಇದರಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಹಣದ ವಿಷಯ ಅಲ್ಲ. ಆ ಮನುಷ್ಯ ಪ್ರಮಾಣ ಮಾಡಿ ಸುಳ್ಳು ಹೇಳಬೇಕಾಯಿತು. ಅದರ ಅಗತ್ಯವೇ ಇರಲಿಲ್ಲ! ಕೈ ಮುರಿಯುವಂಥ ಗಾಯದ ಕೇಸನ್ನು, ಆಯುಧ ಬಳಸಿರದಿದ್ದರೆ, ಗಾಯಗೊಂಡವರೇ ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ಹಳೆಯ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಕೇಸು ನಡೆಸುವ ಕ್ರಮ ಹೇಳುವ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂನಲ್ಲಿ ಅಂಥ ಅಪರಾಧಗಳ ಪಟ್ಟಿಯೇ ಇದೆ. ನ್ಯಾಯಾಧೀಶರ ಮುಂದೆ ನಿಂತು, "ನನ್ನ ಕೈ ಮುರಿದದ್ದು ನಿಜ, ಇಷ್ಟು ಪರಿಹಾರ ಬಂದಿದೆ, ಕ್ಷಮೆ ಕೇಳಿದ್ದಾರೆ, ನನಗೆ ಸಾಕು" ಎಂದು ಹೇಳಲು ಅವನಿಗೆ ದಾರಿ ಇತ್ತು. ಯಾರೂ ತಿಳಿಸಲಿಲ್ಲ. ತಿಳಿಸುವುದರಿಂದ ಜಗಲಿಯಲ್ಲಿ ಕೂತವರಿಗೆ ಲಾಭವೂ ಇರಲಿಲ್ಲ. ಕೋರ್ಟಿಗೆ ಹೇಳಿದರೆ ಕೊಟ್ಟ ಹಣ ಎಷ್ಟು, ಮುಂಗಡಕ್ಕೆ ಹಿಡಿದದ್ದು ಎಷ್ಟು ಎಂಬ ಪ್ರಶ್ನೆ ಬರುತ್ತಿತ್ತಲ್ವಾ?

ರಾಜಿಗೆ ಅವಕಾಶವೇ ಇಲ್ಲದ ಕಲಂಗಳ ಕತೆ ಬೇರೆ. ಕೈಯಲ್ಲಿ ದುಡ್ಡಿದ್ದವರು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತಾರೆ. ಇಬ್ಬರೂ ಒಪ್ಪಿದ್ದರೆ, ಅಪರಾಧ ಘೋರವಾದದ್ದಲ್ಲದಿದ್ದರೆ ಹೈಕೋರ್ಟು ಅಂಥ ಕೇಸನ್ನು ರದ್ದು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಗಿಯಾನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕೊಡಗಿಗೆ ರೈಲೂ ಇಲ್ಲ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ವಕೀಲರನ್ನು ಹಿಡಿಯುವುದುಂಟೇ? ಅವರಿಗೆ ಉಳಿಯುವುದು ಏಣಿಯ ಕತೆ ಮಾತ್ರ.

ನಿಮ್ಮ ಫೈಲಿನಲ್ಲಿ ಇಂಥವು ಸಾಕ್ಷಿ ಪ್ರತಿಕೂಲವಾದ ಕೇಸುಗಳಾಗಿ ಸೇರುತ್ತವೆ. ಸೋತ ಲೆಕ್ಕಕ್ಕೆ ನೀವು ಉತ್ತರ ಕೊಡಬೇಕು. ಪೊಲೀಸರಿಗೂ ಬೇಸರ, ನಿಮಗೂ ಬೇಸರ. ಗಾಯವಾದವನಿಗೆ ಅರ್ಧ ಪರಿಹಾರ. ತಪ್ಪು ಮಾಡಿದವನು ತಪ್ಪು ಎಂಬ ಮಾತನ್ನೂ ಆಡಲಿಲ್ಲ. ಹಾಗಾಗಿ ಮುಂದಿನ ಕೊಯ್ಲಿಗೆ ಅವನ ಕೈ ಮತ್ತೆ ಮುಂದಾಗುತ್ತದೆ.

ಈ ಕೆಲಸ ನಿಮ್ಮದೇ ಏಕೆ, ಕಾನೂನು ಸೇವಾ ಪ್ರಾಧಿಕಾರ ಇದೆಯಲ್ಲ, ಲೋಕ ಅದಾಲತ್ ಇದೆಯಲ್ಲ ಎಂದು ಕೇಳಬಹುದು. ಲೋಕ ಅದಾಲತ್ ಒಳ್ಳೆಯದೇ. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲ ಇಂಥವು ಅಲ್ಲಿ ಬೇಗ ತೀರುತ್ತವೆ. ಆದರೆ ಒಂದೇ ದಿನ ರಾಶಿ ರಾಶಿ ಕೇಸು ಮುಗಿಸುವ ಕಡೆ ಕೈ ಮುರಿಸಿಕೊಂಡವನ ಮಾತನ್ನು ಕೂತು ಕೇಳಲು ಸಮಯ ಎಲ್ಲಿಂದ ಬರಬೇಕು? ಇನ್ನೊಂದು ಕಾರಣವೂ ಇದೆ. ಕ್ರಿಮಿನಲ್ ಕೇಸಿನಲ್ಲಿ ಸರ್ಕಾರದ ಪರವಾಗಿ ನಿಲ್ಲುವವರು ನೀವು. ನಮ್ಮ ಜನ ನಿಮ್ಮನ್ನು ಸರ್ಕಾರಿ ವಕೀಲರು, ಪಿ.ಪಿ. ಎನ್ನುತ್ತಾರೆ, ಶಿಕ್ಷೆ ಕೊಡಿಸುವುದೇ ನಿಮ್ಮ ಕೆಲಸ ಎಂದುಕೊಂಡಿದ್ದಾರೆ. ಕೋರ್ಟುಗಳು ಬೇರೆಯೇ ಹೇಳುತ್ತಾ ಬಂದಿವೆ. ಅಭಿಯೋಜಕರು ಪೊಲೀಸರ ವಕೀಲರಲ್ಲ, ಹೇಗಾದರೂ ಶಿಕ್ಷೆ ಕೊಡಿಸಲೇಬೇಕೆಂದು ಹೊರಡುವವರೂ ಅಲ್ಲ, ಸತ್ಯ ಹೊರಗೆ ಬರಲು ಕೋರ್ಟಿಗೆ ನೆರವಾಗುವವರು. ಹೊಸ ಸಂಹಿತೆಯ 20ನೇ ಕಲಂ ಜಿಲ್ಲೆಗೊಂದು ಅಭಿಯೋಜನಾ ನಿರ್ದೇಶನಾಲಯಕ್ಕೆ ಅವಕಾಶ ಕೊಟ್ಟಿದೆ. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸುಗಳ ಮೇಲೆ ಕಣ್ಣಿಡುವುದು ಅದರ ಸಹಾಯಕ ನಿರ್ದೇಶಕರ ಕೆಲಸ ಎಂದೂ ಬರೆದಿದೆ. ನಾನು ಹೇಳುತ್ತಿರುವ ಕೇಸುಗಳು ಹೆಚ್ಚುಕಡಿಮೆ ಅವೇ.

ಕಾನೂನಿನಲ್ಲಿ ಕೂರಿಸಿ ಮಾತಾಡಿಸುವ ಜಾಗವೂ ಇದೆ. ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತಾಡಿಕೊಳ್ಳುವುದು, 2006ರ ಜುಲೈಯಿಂದಲೇ ಜಾರಿಯಲ್ಲಿದೆ, ಹೊಸ ಸಂಹಿತೆಯಲ್ಲಿ 289ನೇ ಕಲಂನಿಂದ ಶುರುವಾಗುತ್ತದೆ. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಕ್ಕೆ ಇಲ್ಲ. ಹೆಂಗಸರ ಮೇಲಿನ, ಮಕ್ಕಳ ಮೇಲಿನ ಅಪರಾಧಕ್ಕೆ ಇಲ್ಲ. ಉಳಿದ ಹೆಚ್ಚಿನ ಕೇಸುಗಳಲ್ಲಿ ಆರೋಪಿ ತಾನಾಗಿ ಅರ್ಜಿ ಹಾಕಿದರೆ ಅಭಿಯೋಜಕರು, ತನಿಖಾಧಿಕಾರಿ, ಆರೋಪಿ, ಹಾನಿಗೊಳಗಾದವರು ಒಟ್ಟಿಗೆ ಕೂತು ಎಲ್ಲರಿಗೂ ಒಪ್ಪಿಗೆಯಾಗುವ ಇತ್ಯರ್ಥಕ್ಕೆ ಬರಬಹುದು. ಪರಿಹಾರ ಕೊಡಿಸಬಹುದು, ಪ್ರೊಬೇಷನ್ ಮೇಲೆ ಬಿಡಬಹುದು. ಅರ್ಜಿಯಲ್ಲಿ ಆರೋಪಿ ಹೇಳಿಕೊಂಡದ್ದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಓದಿದಾಗ ನನಗೆ ಆಶ್ಚರ್ಯವಾಯಿತು. ಹೊರದೇಶದವರು ಮಾಡುವ ಸಭೆಯ ಮುಕ್ಕಾಲು ಭಾಗ ಇದರಲ್ಲೇ ಇದೆ. ಆದರೆ ಈಗ ಈ ಅರ್ಜಿಗೆ ಗಡುವು ಬಂದಿದೆ. ದೋಷಾರೋಪ ಹೊರಿಸಿದ 30 ದಿನದೊಳಗೆ ಹಾಕಬೇಕು. ತಿತಿಮತಿ ಕಡೆಯ ಆದಿವಾಸಿ ಹಾಡಿಯೊಂದರ ಹುಡುಗನಿಗೆ ಆ ಮೂವತ್ತು ದಿನದಲ್ಲಿ ಇದನ್ನು ಹೇಳುವವರು ಯಾರು? ಅವನ ಮಾತೃಭಾಷೆ ಕನ್ನಡ ಅಲ್ಲದೆಯೂ ಇರಬಹುದು.

ಇನ್ನು 360ನೇ ಕಲಂ. ಕೋರ್ಟಿನ ಒಪ್ಪಿಗೆ ಪಡೆದು ಕೇಸನ್ನು ಹಿಂದಕ್ಕೆ ಪಡೆಯುವ ಅಧಿಕಾರ ಅಭಿಯೋಜಕರಿಗೆ ಇದೆ. ಹಾನಿಗೊಳಗಾದವರ ಮಾತು ಕೇಳದೆ ಒಪ್ಪಿಗೆ ಕೊಡಬಾರದು ಎಂದು ಹೊಸ ಸಂಹಿತೆ ಸೇರಿಸಿದೆ. ಒಳ್ಳೆಯ ಸೇರ್ಪಡೆ. ಈ ಅಧಿಕಾರ ಸುದ್ದಿಯಾಗುವುದು ರಾಜಕೀಯ ಗಲಾಟೆಯ ಕೇಸುಗಳನ್ನು ವಾಪಸ್ ಪಡೆದಾಗ ಮಾತ್ರ. ಮಾಮೂಲಿ ಜನರ ಕೇಸಿಗೂ ಅದು ಅನ್ವಯಿಸುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು!

ಈಗ ನಮ್ಮ ಹೊಟ್ಟೆಪಾಡಿನ ವಿಷಯಕ್ಕೆ ಬರುತ್ತೇನೆ, ಕಾಫಿ ಕಳ್ಳತನ. ಬೆಲೆ ಏರಿದ ಮೇಲೆ ಕಣದಲ್ಲಿ ರಾತ್ರಿ ಕಾವಲು ಕೂರುವುದು ಎಲ್ಲರಿಗೂ ಅಭ್ಯಾಸವಾಗಿದೆ. ಸಿಕ್ಕಿಬಿದ್ದವರನ್ನು ಕಂಬಕ್ಕೆ ಕಟ್ಟಿ ಹೊಡೆಯುವ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಅಪರಾಧ, ಶಿಕ್ಷೆಗಳನ್ನು ಹೇಳುವ ಹೊಸ ಭಾರತೀಯ ನ್ಯಾಯ ಸಂಹಿತೆ ಇಲ್ಲಿ ಒಂದು ಬಾಗಿಲು ತೆರೆದಿದೆ. 303(2)ನೇ ಕಲಂ ಪ್ರಕಾರ ಕದ್ದ ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥನಾಗಿದ್ದು, ವಸ್ತು ಅಥವಾ ಅದರ ಬೆಲೆ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಜೈಲಿಲ್ಲ.

ಕೇಳಲು ಚೆನ್ನಾಗಿದೆ. ಕೊಡಗಿನ ಲೆಕ್ಕ ಹಾಕಿ ನೋಡಿ. 2025ರಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) ಚೀಲ ಹತ್ತು ಸಾವಿರ ದಾಟಿದ್ದನ್ನು ನೋಡಿದೆವು. ಆ ದರದಲ್ಲಿ ಅರ್ಧ ಚೀಲ ಹೊತ್ತರೆ ಗೆರೆ ದಾಟಿತು. ಕರಿಮೆಣಸಾದರೆ ಕೆ.ಜಿ.ಗೆ ಆರುನೂರರ ಲೆಕ್ಕದಲ್ಲಿ ಒಂಬತ್ತು ಕೆ.ಜಿ. ಸಾಕು, ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಜೊತೆಗೆ ಕಣದಿಂದ ಕದ್ದರೆ ಒಂದು ಕಲಂ, ಬೀಗ ಹಾಕಿದ ಸ್ಟೋರ್‌ನಿಂದ ಕದ್ದರೆ ಇನ್ನೊಂದು. ಎರಡನೆಯದಕ್ಕೆ ಏಳು ವರ್ಷದವರೆಗೆ ಶಿಕ್ಷೆ, ಸಮುದಾಯ ಸೇವೆಯ ಮಾತೇ ಇಲ್ಲ. ಗೆರೆಯ ಆಚೆ ಬಿದ್ದವರಿಗೆ ಆಗಲೇ ಹೇಳಿದ ಪ್ಲೀ ಬಾರ್ಗೇನಿಂಗ್ ಇದೆ, 1958ರ ಪ್ರೊಬೇಷನ್ ಕಾಯ್ದೆ ಇದೆ. ಬರೀ ಐದು ಸಾವಿರದ ಬಾಗಿಲನ್ನೇ ನೋಡುತ್ತಾ ಕೂತರೆ ಕಾಫಿ ನಾಡಿನಲ್ಲಿ ಒಳಗೆ ಬರುವವರು ಕಡಿಮೆ.

ಸಮುದಾಯ ಸೇವೆ ಎಂದಾಗ ನನಗೊಂದು ಹೆದರಿಕೆಯೂ ಇದೆ. ನಾನು ತೋಟದವನು, ನಮ್ಮವರ ಬುದ್ಧಿ ನನಗೆ ಗೊತ್ತು. "ಕದ್ದದ್ದು ನನ್ನ ಕಾಫಿ ತಾನೇ, ನನ್ನ ತೋಟದಲ್ಲೇ ಹದಿನೈದು ದಿನ ಕೆಲಸ ಮಾಡಲಿ" ಎಂದು ಹೇಳುವವರು ಬಂದೇ ಬರುತ್ತಾರೆ. ಕೇಳಿದರೆ ನ್ಯಾಯ ಎನಿಸುತ್ತದೆ. ಸಾಲಕ್ಕೆ ದುಡಿಸಿಕೊಳ್ಳುವುದನ್ನು 1976ರಲ್ಲೇ ಜೀತ ಪದ್ಧತಿ ರದ್ದತಿ ಕಾಯ್ದೆ ನಿಲ್ಲಿಸಿತು. ಅದನ್ನು ಕೋರ್ಟಿನ ಮೊಹರಿನೊಂದಿಗೆ ಮತ್ತೆ ಒಳಗೆ ಬಿಟ್ಟುಕೊಳ್ಳುವುದು ಬೇಡ. ಸಮುದಾಯಕ್ಕೆ ಉಪಯೋಗವಾಗುವ ಕೆಲಸ ಎಂದು ನಾಗರಿಕ ಸುರಕ್ಷಾ ಸಂಹಿತೆ ಸ್ಪಷ್ಟವಾಗಿ ಬರೆದಿದೆ. ಅಂಗನವಾಡಿಯ ಸುತ್ತ ಕಾಡು ಕಡಿಯಲಿ, ಮಳೆಗಾಲಕ್ಕೆ ಮೊದಲು ರಸ್ತೆ ಬದಿಯ ಚರಂಡಿ ಬಿಡಿಸಲಿ, ತುಲಾ ಸಂಕ್ರಮಣದ ಜಾತ್ರೆ ಮುಗಿದ ಮೇಲೆ ಭಾಗಮಂಡಲದಲ್ಲಿ ಕಸ ಎತ್ತಲಿ. ದೂರು ಕೊಟ್ಟವನ ತೋಟಕ್ಕೆ ಮಾತ್ರ ಕಾಲಿಡಬಾರದು. ದಿನಗೂಲಿಯವನಿಗೆ ಸಂಬಳವಿಲ್ಲದ ಒಂದು ದಿನ ಎಂದರೆ ಒಲೆ ಹಚ್ಚದ ದಿನ. ಹಾಗಾಗಿ ರಜೆಯ ದಿನಗಳಲ್ಲಿ, ಕೆಲವೇ ಗಂಟೆಗಳ ಹಾಗೆ ಹಂಚಿ ಕೊಡಿಸಿ ಎಂದು ಕೋರ್ಟಿಗೆ ನೀವೇ ಹೇಳಬೇಕು.

ಸಮುದಾಯ ಸೇವೆ ನಿಜಕ್ಕೂ ಒಗ್ಗುವ ಇನ್ನೊಂದು ಬಗೆಯ ಜನರಿದ್ದಾರೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದರೆ ನ್ಯಾಯ ಸಂಹಿತೆಯ 355ನೇ ಕಲಂ ಪ್ರಕಾರ 24 ಗಂಟೆವರೆಗೆ ಸಾದಾ ಸಜೆ, ಒಂದು ಸಾವಿರದವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ. ವಾರಾಂತ್ಯಕ್ಕೆ ಕಾರಿನಲ್ಲಿ ಬಂದು ಮಾಂದಲಪಟ್ಟಿ ದಾರಿಯಲ್ಲಿ ಬಾಟಲಿ ಒಡೆದು ಹೋಗುವವರಿಗೆ ಸಾವಿರ ರೂಪಾಯಿ ಒಂದು ಲೆಕ್ಕವೇ? ಅದೇ ದಾರಿಯಲ್ಲಿ ಒಂದು ಭಾನುವಾರ ಗಾಜು ಹೆಕ್ಕಿಸಿ ನೋಡಿ.

ಈಗ ಯಾರನ್ನು ಕೂರಿಸುವುದು, ಯಾರ ಮುಂದೆ ಕೂರಿಸುವುದು ಎನ್ನುವ ಪ್ರಶ್ನೆ. "ನಮ್ಮಲ್ಲಿ ಹಿಂದಿನಿಂದಲೂ ಇದು ಇತ್ತು" ಎಂದು ಹಲವರು ಎದೆ ತಟ್ಟುತ್ತಾರೆ. ನಿಜ, ಇತ್ತು. ಊರ ಮುಖ್ಯಸ್ಥರಾದ ತಕ್ಕರು, ಮಂದ್‌ನಲ್ಲಿ (ಊರವರು ಸೇರುವ ಬಯಲು) ಸೇರುವ ಹಿರಿಯರು ಜಗಳ ಬಿಡಿಸುತ್ತಿದ್ದರು. ದೇವರಿಗೆ ತಪ್ಪು ಕಾಣಿಕೆ ಹಾಕಿಸಿ ಮಾತು ಮುಗಿಸುವುದು ಇಂದಿಗೂ ಇದೆ. ಕೊಡವರಲ್ಲಿ, ಗೌಡರಲ್ಲಿ, ಜಮಾಅತ್‌ಗಳಲ್ಲಿ ಎಲ್ಲ ಕಡೆ ಹಿರಿಯರಿದ್ದಾರೆ, ಅವರ ಮಾತಿಗೆ ಬೆಲೆಯೂ ಇದೆ. ಒಂದೇ ಕುಟುಂಬದ ಜಗಳಕ್ಕೆ ಅವರಷ್ಟು ಉಪಯೋಗವಾಗುವವರು ಬೇರೆ ಇಲ್ಲ. ಬಾಣೆ (ಗದ್ದೆಗೆ ಸೇರಿದ ಮರಗಾಡಿನ) ಜಾಗದ ಗಡಿ, ತೋಟಕ್ಕೆ ಹೋಗುವ ದಾರಿ, ಬೇಲಿಯ ಮೇಲಿನ ಮರ ಇವುಗಳಿಂದ ಶುರುವಾಗಿ ಹೊಡೆದಾಟ, ಕೇಸು, ಪ್ರತಿ ಕೇಸು. ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯಲು ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಬಾರದ ಅಣ್ಣತಮ್ಮಂದಿರು ಎಷ್ಟು ಕುಟುಂಬದಲ್ಲಿಲ್ಲ ಹೇಳಿ! ಜಾಗದ ತಕರಾರು ಸಿವಿಲ್ ಕೋರ್ಟಿನಲ್ಲಿ ನಡೆಯುವಷ್ಟು ನಡೆಯಲಿ. ಅದರ ಜೊತೆ ಅಂಟಿಕೊಂಡ ದಾರಿ ತಡೆದ ಕೇಸು, ಬೈದ ಕೇಸು, ಬೆದರಿಸಿದ ಕೇಸು ಇವನ್ನು ಒಂದು ಮೇಜಿನ ಸುತ್ತ ಕೂರಿಸಿ ತೀರಿಸಬಹುದು. ಇವು ಹೆಚ್ಚಾಗಿ ರಾಜಿ ಮಾಡಬಹುದಾದ ಅಪರಾಧಗಳೇ.

ಆದರೆ ಆ ಹಳೆಯ ಕೂಟದಲ್ಲಿ ಹೆಂಗಸರು ಕೂತಿರಲಿಲ್ಲ. ಆದಿವಾಸಿಗಳಾದ ಎರವರು, ಕುರುಬರು ಕೂತಿರಲಿಲ್ಲ. ತೋಟದ ಯಜಮಾನ ಒಂದು ಕಡೆ, ಅವನ ಲೈನ್ ಮನೆಯಲ್ಲಿ ಇರುವವನು ಇನ್ನೊಂದು ಕಡೆ ಆದಾಗ ಊರ ಹಿರಿಯರು ಎಂದರೆ ಹೆಚ್ಚಾಗಿ ಯಜಮಾನನ ನೆಂಟರೇ. ಮನೆ ಅವನದು, ಮುಂಗಡ ಅವನದು, ಆಸ್ಪತ್ರೆಗೆ ಹೋಗಲು ಜೀಪೂ ಅವನದು. "ಒಪ್ಪಿಗೆ ಇದೆಯಾ?" ಎಂದು ಕೇಳಿದರೆ "ಇದೆ" ಎನ್ನದೆ ಇನ್ನೇನು ಹೇಳಬೇಕು? ಮುಂಗಡ ತೀರಿಸದೆ ಲೈನ್ ಬಿಟ್ಟು ಹೋದವರ ಮೇಲೆ ಕಳ್ಳತನದ ದೂರು ಬೀಳುವ ಮಾತುಗಳನ್ನೂ ನಾವು ಕೇಳಿದ್ದೇವೆ. ಅಂಥ ಕೇಸಿನಲ್ಲಿ ಕೂರಿಸುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಕಳ್ಳತನ ನಡೆದಿದೆಯೇ ಎನ್ನುವುದೇ.

ದೇವರಪುರದ ಕುಂಡೆ ಹಬ್ಬ ನಿಮಗೆ ಗೊತ್ತಿರುತ್ತದೆ. ಆ ಹಬ್ಬದಲ್ಲಿ ಆದಿವಾಸಿಗಳು ವೇಷ ಹಾಕಿ ದೇವರನ್ನೂ ಬಿಡದೆ ಎಲ್ಲರನ್ನೂ ಬೈಯುತ್ತಾರೆ. ಬೈಸಿಕೊಂಡ ನಾವು ನಕ್ಕು ದುಡ್ಡು ಕೊಡುತ್ತೇವೆ. ಹಬ್ಬದ ಮಾರನೆಯ ದಿನ ಅದೇ ಮನುಷ್ಯ ಕೂಲಿ ಬಾಕಿ ಕೇಳಿದರೆ ನಗುವವರು ಕಡಿಮೆ. ಸುಮ್ನೆ ಹೇಳಿದೆ.

ಹಾಗಾಗಿ ಕೂಟಕ್ಕೆ ಮೊದಲು ಹಾನಿಗೊಳಗಾದವರ ಜೊತೆ ಬೇರೆಯಾಗಿ ಮಾತಾಡಬೇಕು, ತೋಟದ ಹೊರಗೆ. ಅವರ ಭಾಷೆ ಬಲ್ಲವರೊಬ್ಬರು ಇರಬೇಕು. ಎರವ ಭಾಷೆ, ಕುರುಬ ಭಾಷೆ, ಈಗ ಅಸ್ಸಾಂ, ಬಂಗಾಳದಿಂದ ಬಂದವರೂ ತೋಟಗಳಲ್ಲಿ ಇದ್ದಾರೆ. ವಕೀಲರು ಬೇಕೆಂದರೆ ಕೊಡಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು 1987ರ ಕಾಯ್ದೆಯಲ್ಲೇ ಇದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಸಾಕು ಎನ್ನುತ್ತಾರೆ, ಆ ನಂಬರನ್ನು ಲೈನ್ ಮನೆಯ ಗೋಡೆಗಳಲ್ಲಿ ನಾನಂತೂ ಕಂಡಿಲ್ಲ. ಬೇಡ ಎನ್ನುವ ಹಕ್ಕು ಕೊನೆಯ ಗಳಿಗೆಯವರೆಗೂ ಅವರ ಕೈಯಲ್ಲಿರಬೇಕು. ಹಣ ಅವರ ಖಾತೆಗೇ ಹೋಗಬೇಕು. ಮುಂಗಡಕ್ಕೆ ವಜಾ ಮಾಡುವ ಹಾಗಿಲ್ಲ ಎಂದು ಕಾಗದದಲ್ಲಿ ಬರೆಯಬೇಕು, ಆ ಕಾಗದದ ಒಂದು ಪ್ರತಿ ಅವರಿಗೆ ಕೊಡಬೇಕು. ಕೊಟ್ಟ ಮಾತಿನಂತೆ ನಡೆದರೋ ಇಲ್ಲವೋ ಎಂದು ಆರು ತಿಂಗಳ ನಂತರ ಯಾರಾದರೂ ಹೋಗಿ ಕೇಳಬೇಕು. ಇವತ್ತು ರಾಜಿ ಎಂದರೆ ಕೋರ್ಟಿನಲ್ಲಿ ಖುಲಾಸೆ, ಅಷ್ಟೇ. ಏನು ಸರಿಹೋಯಿತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಯಾವುದಕ್ಕೆ ಇದು ಬೇಡ ಎನ್ನುವುದನ್ನೂ ಮೊದಲೇ ಹೇಳಿಬಿಡಿ. ಅತ್ಯಾಚಾರದ ಕೇಸಿನಲ್ಲಿ ರಾಜಿ ಎಂಬ ಯೋಚನೆಯೇ ಸಲ್ಲದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಪೋಕ್ಸೋ ಕೇಸುಗಳಿಗೆ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಬೇಡ. ಗಂಡ ಹೆಂಡತಿಯನ್ನು ಹೊಡೆದ ಕೇಸಿನಲ್ಲಿ "ಹೊಂದಿಕೊಂಡು ಹೋಗಮ್ಮ" ಎನ್ನುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ನಿಮ್ಮ ಕಚೇರಿಯ ಕುರ್ಚಿ ಹಾಕಿಕೊಡಬೇಡಿ. ಕೋವಿ ಎತ್ತಿದ ಕೇಸು ಬೇಡ. ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಅಟ್ರಾಸಿಟಿ ಕೇಸುಗಳಲ್ಲಂತೂ ರಾಜಿಯ ಒತ್ತಡ ಎಲ್ಲಕ್ಕಿಂತ ಜಾಸ್ತಿ. ಆ ಕಾಯ್ದೆಗೆ 2016ರಲ್ಲಿ ಜಾರಿಗೆ ಬಂದ 15ಎ ಕಲಂ, ನೊಂದವರನ್ನೂ ಸಾಕ್ಷಿಗಳನ್ನೂ ಒತ್ತಡದಿಂದ ಕಾಪಾಡುವುದು ಸರ್ಕಾರದ ಕೆಲಸ ಎಂದಿದೆ. ಅಲ್ಲಿ ನೀವು ರಾಜಿ ಮಾಡಿಸುವವರಾಗಿ ಅಲ್ಲ, ರಾಜಿಗೆ ಅಡ್ಡ ನಿಲ್ಲುವವರಾಗಿ ಬೇಕು.

ಇದಕ್ಕೆಲ್ಲ ನಮಗೆ ಸಿಬ್ಬಂದಿ ಎಲ್ಲಿ, ಸಮಯ ಎಲ್ಲಿ ಎಂದು ನೀವು ಹೇಳಬಹುದು. ಬೆಳಿಗ್ಗೆ ಕೋರ್ಟು, ಮಧ್ಯಾಹ್ನ ಕೋರ್ಟು, ನಡುವೆ ಚಾರ್ಜ್‌ಶೀಟ್ ನೋಡಿ ಅಭಿಪ್ರಾಯ ಬರೆಯುವುದು. ನಿಮ್ಮ ಕೈಯಲ್ಲಿನ ಕಟ್ಟುಗಳನ್ನು ನೋಡಿದವರಿಗೆ ಅದು ಗೊತ್ತು. ಎಲ್ಲ ಕೋರ್ಟುಗಳಲ್ಲೂ ಒಟ್ಟಿಗೆ ಶುರು ಮಾಡಿ ಎಂದು ನಾನು ಕೇಳುತ್ತಿಲ್ಲ. ವಿರಾಜಪೇಟೆಯದೋ ಪೊನ್ನಂಪೇಟೆಯದೋ ಒಂದೇ ಕೋರ್ಟು, ಒಂದು ವರ್ಷ, ಮೂರು ನಾಲ್ಕು ಬಗೆಯ ಕೇಸು ಸಾಕು. ಕೂರಿಸಿ ಮಾತಾಡಿಸುವುದನ್ನು ಕಾನೂನು ಸೇವಾ ಪ್ರಾಧಿಕಾರದ ತರಬೇತಿ ಪಡೆದ ಮಧ್ಯಸ್ಥಗಾರರೇ ಮಾಡಲಿ. ನಿಮ್ಮ ಕೆಲಸ ಕೇಸು ಆರಿಸುವುದು, ಕೋರ್ಟಿಗೆ ವರದಿ ಕೊಡುವುದು, ಬಲವಂತ ಕಂಡರೆ ನಿಲ್ಲಿಸುವುದು. ವರ್ಷದ ಕೊನೆಗೆ ಲೆಕ್ಕ ಹೊರಗಿಡಿ. ಎಷ್ಟು ಕೇಸಿನಲ್ಲಿ ಕೂತರು, ಎಷ್ಟು ಜನ ಬೇಡ ಎಂದರು, ಎಷ್ಟು ಹಣ ನಿಜವಾಗಿ ಕೈಸೇರಿತು. ಬೇಡ ಎಂದವರು ಒಬ್ಬರೂ ಇಲ್ಲ ಎಂದು ಲೆಕ್ಕ ಬಂದರೆ ನಾನು ಅನುಮಾನ ಪಡುತ್ತೇನೆ, ನೀವೂ ಪಡಿ.

ಇದೆಲ್ಲಕ್ಕೂ ಮೊದಲು ಜನ ನಿಮ್ಮನ್ನು ಕಂಡಿರಬೇಕು. ನಮ್ಮ ಕಡೆಯವರಿಗೆ ಪೊಲೀಸರು ಗೊತ್ತು, ಅರಣ್ಯದವರು ಗೊತ್ತು. ಸರ್ಕಾರಿ ವಕೀಲರ ಮುಖ ನೋಡುವುದು ಸಾಕ್ಷಿ ಕಟ್ಟೆ ಹತ್ತಿದ ದಿನ ಮಾತ್ರ. ಕಾನೂನು ಅರಿವು ಕಾರ್ಯಕ್ರಮ ಎಂದರೆ ಶಾಲೆಯ ಸಭಾಂಗಣ, ಬ್ಯಾನರ್, ಸ್ವಾಗತ ಭಾಷಣ, ವಂದನಾರ್ಪಣೆ. ಮಕ್ಕಳಿಗೆ ಅದೂ ಬೇಕು, ಇರಲಿ. ನನ್ನ ಕೋರಿಕೆ ಬೇರೆ. ಮಾಲ್ದಾರೆ, ದಿಡ್ಡಳ್ಳಿ ಕಡೆಯ ಹಾಡಿಗಳಿಗೆ, ಸಿದ್ದಾಪುರದ ಲೈನ್ ಮನೆಗಳಿಗೆ, ಬಸವನಹಳ್ಳಿ, ಬ್ಯಾಡಗೊಟ್ಟದ ಪುನರ್ವಸತಿ ಕೇಂದ್ರಗಳಿಗೆ ಬನ್ನಿ. ಮೈಕ್ ಬೇಡ. ದೂರು ಕೊಟ್ಟ ಮೇಲೆ ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಪೊಲೀಸರು ತಿಳಿಸಬೇಕು ಎನ್ನುವುದನ್ನು ಹೇಳಿ. ಸಾಕ್ಷಿಗೆ ಬೆದರಿಕೆ ಬಂದರೆ ರಕ್ಷಣೆ ಕೇಳಬಹುದು ಎಂದು ಹೇಳಿ. ರಾಜಿ ಆಗಬೇಕೆಂದರೆ ಸುಳ್ಳು ಸಾಕ್ಷಿ ಹೇಳಬೇಕಾಗಿಲ್ಲ ಎಂದು ಹೇಳಿ. ಉಳಿದ ಹೊತ್ತು ಕೇಳಿಸಿಕೊಳ್ಳಿ.

ಏಪ್ರಿಲ್ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ, ಮಳೆಗಾಲ ಇನ್ನೂ ದೂರ ಇರುತ್ತದೆ, ರಸ್ತೆಗಳೂ ಓಡಾಡುವ ಸ್ಥಿತಿಯಲ್ಲಿರುತ್ತವೆ. ಮೊದಲ ಸಭೆಗೆ ಆ ತಿಂಗಳು ಇಟ್ಟುಕೊಳ್ಳಿ. ಸಂಜೆ ಆರರ ಮೇಲೆ ಬನ್ನಿ, ಕೆಲಸದವರು ಮನೆಗೆ ಬಂದಿರುತ್ತಾರೆ. ಹಗಲಲ್ಲಿ ಬಂದರೆ ಸಿಗುವುದು ನಮ್ಮಂಥ ತೋಟದವರು ಮಾತ್ರ.

ಇತಿ,
ಅಮ್ಮತ್ತಿ ಕಡೆಯ ಒಬ್ಬ ಕಾಫಿ ಬೆಳೆಗಾರ